ಇಟ್ಟುಕೊಳ್ಳುವವರು, ಎತ್ತುವವರು

ಹೊಟ್ಟೆಯ ಆಪರೇಷನ್ನು ಮುಗಿಸಿಕೊಂಡು ರಾಮನಗರದ ಮನೆಗೆ ಹೊರಟಾಗ ವೈದ್ಯರು ಹೇಳಿದ್ದು ಒಂದೇ ಮಾತು: "ಆರು ವಾರ ಭಾರ ಎತ್ತಬೇಡಿ. ತುಂಬಿದ ಕೊಡವನ್ನೂ ಮುಟ್ಟಬೇಡಿ." ಸುಲಭದ ಪಥ್ಯವೆಂದುಕೊಂಡೆ. ಮೇಷ್ಟ್ರಾಗಿದ್ದವನು ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಜೀವಮಾನದಲ್ಲಿ ಎಷ್ಟು ಸಲ ಎತ್ತಿದ್ದಾನು!

ಎರಡು ವಾರ ಗೋಡೆ ಹಿಡಿದು ನಡುಮನೆಯಿಂದ ಜಗಲಿಗೂ ಜಗಲಿಯಿಂದ ನಡುಮನೆಗೂ ನಡೆದೆ. ಹಾಗೆ ನಡೆಯುವವನಿಗೆ ಸ್ವಂತ ಮನೆಯೇ ಬೇರೆಯಾಗಿ ಕಾಣುತ್ತದೆ. ಹೆಜ್ಜೆ ಹೆಜ್ಜೆಗೂ ಒಂದು ಸಾಮಾನು, ಪ್ರತಿಯೊಂದೂ ನನ್ನದೇ. ಮೂರನೆಯ ವಾರ, ಅಟ್ಟವನ್ನಾದರೂ ಖಾಲಿ ಮಾಡಿಸೋಣವೆಂದು ನಿಶ್ಚಯಿಸಿದೆ. ಮನೆಗೆಲಸಕ್ಕೆ ಬರುವ, ಕನಕಪುರದ ಕಡೆಯ ಹೆಂಗಸು ಏಣಿ ಹತ್ತಿದಳು. ನಾನು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡತೊಡಗಿದೆ.

ಮೊದಲು ಬಂದದ್ದು ನನ್ನ ತಾಯಿಯ ಹಿತ್ತಾಳೆಯ ಹಂಡೆ. "ಇರಲಿ," ಎಂದೆ. ಆಮೇಲೆ ಟ್ರಂಕು, ಅದರೊಳಗೆ ತಂದೆಯ ಕಾಲದ ಕಾಗದಗಳು. ಅವುಗಳ ಮೇಲೆ ಊರಿನ ಹೆಸರು ಕ್ಲೋಸ್‌ಪೇಟೆ ಎಂದೇ ಇದೆ. ಊರು ಆ ಹೆಸರನ್ನು ಬಿಟ್ಟು ರಾಮನಗರವಾಯಿತು. 2007ರಲ್ಲಿ ಜಿಲ್ಲೆಗೂ ತನ್ನ ಹೆಸರು ಕೊಟ್ಟು, 2025ರಲ್ಲಿ ಆ ಗೌರವವನ್ನು ಬೆಂಗಳೂರು ದಕ್ಷಿಣಕ್ಕೆ ಬಿಟ್ಟಿತು. ಊರು ಇಷ್ಟನ್ನೆಲ್ಲ ಬಿಟ್ಟಿದೆ. ನಾನು ಟ್ರಂಕನ್ನು ಬಿಡಲಾರೆ. "ಅದೂ ಇರಲಿ."

ನಾಲ್ಕನೆಯ "ಇರಲಿ"ಗೆ ಅವಳು ಏಣಿಯ ಮೇಲಿಂದಲೇ ಕೇಳಿದಳು: "ಎಲ್ಲಾ ಇರ್ಲಿ ಅನ್ನೋದಾದ್ರೆ ಇಳ್ಸಿದ್ದು ಯಾಕೆ ಮೇಷ್ಟ್ರೇ?"

ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷದಿಂದ ಪ್ರತಿ ಯುಗಾದಿಗೂ ಆ ಹಂಡೆಯನ್ನು ಇಳಿಸಿ, ತೊಳೆದು, ಮತ್ತೆ ಮೇಲೇರಿಸಿದವರು ಯಾರು? ಮೊದಲು ತಾಯಿ, ಆಮೇಲೆ ಹೆಂಡತಿ, ಈಗ ಈಕೆ. ಇಟ್ಟುಕೊಳ್ಳುವ ಹಕ್ಕು ನನ್ನದು, ಎತ್ತುವ ಕೆಲಸ ಅವರದು. ಅಪರಿಗ್ರಹದ ಮೇಲೆ ಮಕ್ಕಳಿಂದ ಎಷ್ಟೋ ಪ್ರಬಂಧ ಬರೆಸಿದ್ದೆ. ಅದು ಆಸೆಗೆ ಸಂಬಂಧಪಟ್ಟ ಮಾತೆಂದೇ ತಿಳಿದಿದ್ದೆ. ಬೆನ್ನಿಗೂ, ಅದರಲ್ಲೂ ಇನ್ನೊಬ್ಬರ ಬೆನ್ನಿಗೆ, ಸಂಬಂಧಪಟ್ಟದ್ದೆಂದು ತಿಳಿಯಲು ನನ್ನ ಹೊಟ್ಟೆಗೆ ಹೊಲಿಗೆ ಬೀಳಬೇಕಾಯಿತು.

ಕೂಡಲೆ ಉದಾರಿಯಾದೆ. ಹರಿದ ಜಮಖಾನ, ಕಾಲು ಮುರಿದ ಕುರ್ಚಿ, ನಿಂತುಹೋದ ಗಡಿಯಾರ ತೋರಿಸಿ, "ಇವೆಲ್ಲ ನೀನೇ ತೊಗೊಂಡು ಹೋಗಮ್ಮ," ಎಂದೆ. ಅವಳು ನಕ್ಕಳು. "ನಾವಿರೋ ಮನೇಲೇ ರೇಷ್ಮೆಹುಳ ಸಾಕ್ತೀವಿ. ಇವನ್ನ ಎಲ್ಲಿ ಮಡಗ್ಲಿ?"

ಕಠೋಪನಿಷತ್ತಿನ ಕಥೆ ನೆನಪಾಯಿತು. ಹಾಲು ಬತ್ತಿದ ಮುದಿ ಹಸುಗಳನ್ನು ತಂದೆ ದಾನ ಮಾಡುತ್ತಿದ್ದುದನ್ನು ಕಂಡು ನಚಿಕೇತನೆಂಬ ಹುಡುಗನಿಗೆ ಮನಸ್ಸು ಕಲಕಿತು. ಬೇಡವಾದದ್ದನ್ನು ಬಡವರ ಮನೆಗೆ ದಾಟಿಸಿ, ಪುಣ್ಯವನ್ನು ಮಾತ್ರ ನಾವಿಟ್ಟುಕೊಳ್ಳುವುದು ದಾನವಲ್ಲ, ಸಾಗಹಾಕುವುದು. ಮುರಿದದ್ದೆಲ್ಲ ಗುಜರಿಗೆ ಹೋಯಿತು. "ನಿನಗೆ ಬೇಕಾದದ್ದು ಯಾವುದು?" ಎಂದು ಈಗ ಕೇಳಿದೆ. ಅವಳು ಹಂಡೆಯ ಕಡೆ ನೋಡಿದಳು. ಕೊಡುವಾಗ ನೋವಾಯಿತು, ಆದ್ದರಿಂದಲೇ ಅದು ಕೊಟ್ಟದ್ದೆಂದು ಗೊತ್ತಾಯಿತು.

ಆದರೆ ಹಂಡೆ ನನ್ನೊಬ್ಬನದೇ? ಒಳಗಿನಿಂದ ಬಂದ ಹೆಂಡತಿಯ ಕಣ್ಣು ತುಂಬಿತ್ತು. "ಒಂದೊಂದಾಗಿ ಹಂಚ್ತಾ ಇದ್ದೀರಲ್ಲ ರೀ, ಏನಿದೆ ನಿಮ್ಮ ಮನಸ್ಸಿನಲ್ಲಿ?" ನಮ್ಮ ಮನೆಗಳಲ್ಲಿ ಹೀಗೆ ಅಟ್ಟ ಇಳಿಸುವುದು ಯಾರಾದರೂ ಹೋದ ಮೇಲೆ. ನಾನು ಹೋಗುವುದಕ್ಕೆ ಸಿದ್ಧನಾಗುತ್ತಿದ್ದೇನೆಂದು ಅವಳು ಹೆದರಿದ್ದಳು. ಅವಳನ್ನು ಮೊದಲೇ ಕೇಳದೆ ಕೊಟ್ಟದ್ದು ನನ್ನ ತಪ್ಪು.

ಸಮಾಧಾನ ಹೇಳಿದವಳು ಆ ಹೆಂಗಸೇ. "ಹುಳ ಜ್ವರಕ್ಕೆ ಕೂತಂಗೆ ಕಣ್ರಮ್ಮ. ಪೊರೆ ಬಿಟ್ಟು ಏಳ್ತಾರೆ." ರೇಷ್ಮೆಹುಳು ಗೂಡು ಕಟ್ಟುವ ಮುನ್ನ, ಸುಮಾರು 25 ದಿನಗಳಲ್ಲಿ, 4 ಸಲ ಪೊರೆ ಬಿಡುತ್ತದೆ. ಸಾಕುವವರು ಅದಕ್ಕೆ ಜ್ವರವೆನ್ನುತ್ತಾರೆ. ಆಗ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ, ಒಂದು ದಿನದಷ್ಟು ಹೊತ್ತು ಅಲುಗದೆ ಕೂರುತ್ತದೆ. ಬೆಳೆಯುವ ಮೈಗೆ ಹಳೆಯ ಚರ್ಮ ಸಾಲದು. ನಾಲ್ಕನೆಯ ಜ್ವರದಿಂದ ಎದ್ದ ಹುಳು, ತನ್ನ ಆಯುಸ್ಸಿನ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆಮೇಲೆಯೇ ತಿನ್ನುತ್ತದೆ. ಗೂಡು ಕಟ್ಟಿದ ಮೇಲೆ ಅದಕ್ಕೇನಾಗುತ್ತದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಉಪಮೆಯನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ. ಬಿಡುವುದು ಸಾಯುವುದಕ್ಕೇ ಆಗಬೇಕಿಲ್ಲ, ಬೆಳೆಯುವುದಕ್ಕೂ ಆದೀತು ಎಂಬಷ್ಟು ಸಾಕು.

ಹೆಂಡತಿ ಹಂಡೆಗೆ ಒಪ್ಪಿದಳು. ಆದರೆ ಕೊನೆಗೆ ಇಳಿದ ಒಂದು ವಸ್ತುವಿಗೆ ಒಪ್ಪಲಿಲ್ಲ: ಚನ್ನಪಟ್ಟಣದಿಂದ ತಂದ, ಮಗು ನಡೆ ಕಲಿಯುವ ಮೂರು ಗಾಲಿಯ ಮರದ ಗಾಡಿ. ಅರಗಿನ ಕೆಂಪು ಹಿಡಿಯ ಬಳಿ ಮಾತ್ರ ಸವೆದಿದೆ. ಈಚೆಗೆ ಗೋಡೆ ಹಿಡಿದು ನಡೆದವನಿಗೆ ಆ ಸವೆತದ ಅರ್ಥ ಗೊತ್ತು. ಬಿಟ್ಟದ್ದೆಲ್ಲ ತ್ಯಾಗವಲ್ಲ, ಇಟ್ಟುಕೊಂಡದ್ದೆಲ್ಲ ಲೋಭವೂ ಅಲ್ಲ. ಇದನ್ನು ಎತ್ತುವವರಿಗೆ ಇದು ಬೇಕೇ ಎಂದು ಮಾತ್ರ ಕೇಳಬೇಕು.

ಗಾಡಿ ಈಗ ಅಟ್ಟದ ಮೇಲಿಲ್ಲ, ಜಗಲಿಯಲ್ಲಿದೆ. ಆರು ವಾರ ಕಳೆದಿದೆ. ಅದರ ಧೂಳನ್ನು ನಾನೇ ಒರೆಸುತ್ತೇನೆ.