ಮಳೆಗಾಲಕ್ಕೆ ಮುನ್ನ ಗೃಹಸ್ಥನ ಕಾಯಕ

ಮನುಷ್ಯನು ನೆಲದ ಮೇಲೆ ಕಟ್ಟಿದುದೆಲ್ಲವೂ ಒಂದು ದಿನ ನೆಲಕ್ಕೆ ಮರಳತಕ್ಕುದೇ. ಕಲ್ಲುಮಣ್ಣುಗಳ ಕಟ್ಟಡವನ್ನು ನೆಚ್ಚಬೇಡ, ನಿನ್ನ ದೇಹವನ್ನೇ ದೇಗುಲವಾಗಿ ಮಾಡಿಕೋ ಎಂಬುದು ಬಸವಣ್ಣನವರ ಉಪದೇಶದ ತಿರುಳು. ಹೀಗಿರಲು, ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಗೃಹಸ್ಥನು ಹಂಚು ಸರಿಪಡಿಸುತ್ತ, ಬಾವಿಯ ಹೂಳೆತ್ತಿಸುತ್ತ, ತೋಟದ ಕಾಲುವೆ ಬಿಡಿಸುತ್ತ ದಿನಗಳೆಯುವುದು ಧರ್ಮವೋ ಮೋಹವೋ? ಆ ಹೊತ್ತನ್ನು ಲಿಂಗಪೂಜೆಗೂ ವಚನಪಠನಕ್ಕೂ ಮುಡಿಪಿಡಬಾರದೇಕೆ? ವಿಚಾರಶೀಲನಾದ ಭಕ್ತನಿಗೆ ಈ ಶಂಕೆ ಹುಟ್ಟುವುದು ಸಹಜ. ಇದನ್ನು ಲಘುವಾಗಿ ತಳ್ಳಿಹಾಕಲಾಗದು.

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ಊರಿನ ಬೇಸಗೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಉಡುಪಿ ಜಿಲ್ಲೆಯಲ್ಲಿ ಕಾರ್ಕಳ ಪಟ್ಟಣಕ್ಕೆ ಹೊಂದಿಕೊಂಡು ಕುಕ್ಕುಂದೂರು ಎಂಬ ಗ್ರಾಮವಿದೆ. ಆ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ಬಯಲುಸೀಮೆಯಲ್ಲಿರುವಷ್ಟು ಇಲ್ಲವಾದರೂ, 1763ರಲ್ಲಿ ಹೈದರಾಲಿಯು ಗೆಲ್ಲುವವರೆಗೆ ಅದು ವೀರಶೈವರಾದ ಕೆಳದಿಯ ಅರಸರ ಪ್ರಭಾವದಲ್ಲಿದ್ದ ನಾಡು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಕಾರ್ಕಳದ ಬಂಡೆಯ ಮೇಲಿನ ಗೊಮ್ಮಟನ ಏಕಶಿಲಾ ವಿಗ್ರಹವು 1432ರಿಂದಲೂ ಮಾಡಿಲ್ಲದೆ ಈ ಮಳೆಗೆ ಮೈಯೊಡ್ಡಿ ನಿಂತಿದೆ. ನಮ್ಮ ನಿಮ್ಮ ಮನೆಗಳಿಗೆ ಆ ಶಕ್ತಿಯಿಲ್ಲ. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಅದರ ಮೇಲೆ ರೀಪು, ರೀಪಿನ ಮೇಲೆ ಹಂಚು, ಇವಿಷ್ಟೇ ಅಲ್ಲಿಯ ಹಳೆಯ ಮನೆಯ ರಕ್ಷಣೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯಲ್ಲಿ ಹುಲ್ಲು ಮಡಲುಗಳ ಹೊದಿಕೆ ಕ್ರಮೇಣ ಕಡಿಮೆಯಾಯಿತು. ಆದರೆ ವರ್ಷವರ್ಷದ ದುಡಿಮೆ ತಪ್ಪಲಿಲ್ಲ. ಒಂದು ಹಂಚು ಜಾರಿದರೆ ನೀರು ರೀಪಿಗೆ ಇಳಿಯುತ್ತದೆ. ರೀಪು ಕುಂಬಾದರೆ ಹತ್ತು ಹಂಚು ಜಾರುತ್ತವೆ. ಪಕ್ಕಾಸು ನೆನೆದರೆ ಗೆದ್ದಲು ಹತ್ತುತ್ತದೆ.

ಬೇಶ ತಿಂಗಳ ಹತ್ತನೆಯ ದಿನವನ್ನು ತುಳುವರು ಪತ್ತನಾಜೆ ಎನ್ನುತ್ತಾರೆ. ಅದು ಮೇ ತಿಂಗಳ 24ರ ಸುಮಾರಿಗೆ ಬರುತ್ತದೆ. ಅಂದಿಗೆ ಕೋಲನೇಮಗಳೂ ಯಕ್ಷಗಾನ ಮೇಳಗಳ ತಿರುಗಾಟವೂ ನಿಲ್ಲುತ್ತವೆ. ಮನೆಯ ಕೆಲಸಗಳೂ ಆ ಹೊತ್ತಿಗೆ ಮುಗಿದಿರಬೇಕು. ಒಡೆದ ಹಂಚನ್ನು ಬದಲಿಸುವುದು, ಸೌದೆಯನ್ನು ಒಣಗಿಸಿ ಒಟ್ಟುವುದು, ಗಾಳಿಮಳೆ ಬಡಿಯುವ ಕಡೆಗೆ ಮಡಲಿನ ತಟ್ಟಿ ಕಟ್ಟುವುದು, ತರಗೆಲೆ ಗುಡಿಸಿ ಕೊಟ್ಟಿಗೆಗೂ ಗಿಡಗಳ ಬುಡಕ್ಕೂ ಹಾಕುವುದು, ನೀರು ತಳಮುಟ್ಟಿದಾಗ ಬಾವಿಯ ಹೂಳೆತ್ತುವುದು, ಎಳೆಯ ಅಡಿಕೆ ಸಸಿಗಳಿಗೆ ಪಡುವಣ ಬಿಸಿಲು ತಾಗದಂತೆ ಮರೆ ಕಟ್ಟುವುದು, ಇವೆಲ್ಲ ಗೃಹಸ್ಥನ ಕಾಯಕ. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಪರಿಶೀಲಿಸಿ 1910ರಲ್ಲಿ ವಿವರಿಸಿದರು. ಅದಕ್ಕೆ ಇಂದಿಗೂ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣಗಳನ್ನು ನೂರು ಲೀಟರು ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವೇ ಮದ್ದು. ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನಗಳ ಬಳಿಕ ಮತ್ತೊಮ್ಮೆ ಅದನ್ನು ಗೊನೆಗೆ ಸಿಂಪಡಿಸಬೇಕು. ರೋಗ ಬಂದಮೇಲೆ ಪರಿತಪಿಸಿ ಫಲವಿಲ್ಲ. ಬಯಲುಸೀಮೆಯ ವಾಚಕರು ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವುದನ್ನು ಇದರೊಡನೆ ಹೋಲಿಸಿಕೊಳ್ಳಬಹುದು. ಸೀಮೆ ಬೇರೆಯಾದರೂ ಕರ್ತವ್ಯವೊಂದೇ.

ಈಗ ಮೊದಲಿನ ಶಂಕೆಗೆ ಬರೋಣ. ಬಸವಣ್ಣನವರ ಒಂದು ವಚನವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಬಾಗಿಲ ಬುಡದಲ್ಲಿ ಹುಲ್ಲು ಬೆಳೆದು ಒಳಗೆಲ್ಲ ಧೂಳು ಹಿಡಿದ ಮನೆಯನ್ನು ಕಂಡವನು, ಇದರ ಯಜಮಾನನು ಒಳಗಿರುವನೇ ಎಂದು ಸಂಶಯಪಡುವನು. ಅಂತೆಯೇ ಅಸತ್ಯವೂ ವಿಷಯಾಸಕ್ತಿಯೂ ತುಂಬಿದ ತನುಮನಗಳಲ್ಲಿ ಒಡೆಯನಿಲ್ಲವೆಂಬುದು ಅದರ ಭಾವ. ಇಲ್ಲಿ ಉಪಮಾನವಾಗಿ ಬಂದಿರುವುದು ಆರೈಕೆ ತಪ್ಪಿದ ಮನೆ. ಮನೆಯು ಹಾಳುಬಿದ್ದರೆ ಯಜಮಾನನ ವೈರಾಗ್ಯವು ಕಾಣುವುದಿಲ್ಲ, ಅವನ ಗೈರುಹಾಜರಿಯು ಕಾಣುತ್ತದೆ. ಅಂಗಳದ ಕಸಕ್ಕೆ ಕಣ್ಣು ಮುಚ್ಚಿದವನು ಅಂತರಂಗದ ಕಸವನ್ನು ಕಂಡಾನೆಂದು ನಂಬುವುದು ಕಷ್ಟ. ಸತ್ಯಕ್ಕನವರ ಕಾಯಕವು ಶಿವಭಕ್ತರ ಮನೆಯಂಗಳ ಗುಡಿಸುವುದಾಗಿತ್ತೆಂದು ಹೇಳುತ್ತಾರೆ. ನುಲಿಯ ಚಂದಯ್ಯನವರು ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮದಾಸೋಹ ನಡೆಸಿದರು; ಇಷ್ಟಲಿಂಗವು ಜಾರಿದಾಗಲೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ಹೀಗಿರುವಾಗ ಪೂಜೆಯ ಹೊತ್ತನ್ನು ಕಾಯಕವು ಕಸಿದುಕೊಂಡಿತೆಂಬ ಆಕ್ಷೇಪಕ್ಕೆ ಶರಣಧರ್ಮದಲ್ಲಿ ಎಡೆಯೆಲ್ಲಿ?

ಆದರೂ ಒಂದು ಎಚ್ಚರಿಕೆ ಬೇಕು. ಮನೆಯನ್ನು ಕಟ್ಟುವುದು ಬೇರೆ, ಕಾಯುವುದು ಬೇರೆ. ಕಟ್ಟಿಸಿದವನು ಬಾಗಿಲ ಮೇಲೆ ತನ್ನ ಹೆಸರು ಬರೆಸಿಕೊಳ್ಳುತ್ತಾನೆ. ಹೂಳೆತ್ತಿದವನ ಹೆಸರನ್ನು ಯಾವ ಬಾವಿಯ ಕಟ್ಟೆಯ ಮೇಲೂ ಯಾರೂ ಬರೆಯುವುದಿಲ್ಲ. ಈ ವರ್ಷ ಮಾಡಿದ ಕೆಲಸವನ್ನು ಮುಂದಿನ ಮಳೆಗಾಲವು ಅಳಿಸಿಹಾಕುತ್ತದೆ. ಕೀರ್ತಿಗೆ ಆಸ್ಪದವಿಲ್ಲದಿರುವುದರಿಂದಲೇ ಇದು ಅಹಂಕಾರಕ್ಕೆ ಮದ್ದು. ಆದರೆ ದುರಸ್ತಿಯ ನೆಪದಲ್ಲಿ ನೆರೆಯವನಿಗಿಂತ ಎತ್ತರದ ಪಾಗಾರವನ್ನೂ ಬೇಡದ ಉಪ್ಪರಿಗೆಯನ್ನೂ ಎಬ್ಬಿಸಹೊರಟರೆ, ಅದು ಮತ್ತೆ ಕಟ್ಟಡದ ಮೋಹವೇ. ಗಂಡನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಮಾತು ಇಲ್ಲಿಯೂ ಅಳತೆಗೋಲು. ಸೋರದ ಮಾಡು ಸಾಕು. ಮೆರೆಯುವ ಮಾಡು ಬೇಡ.

ಇನ್ನು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಗಳು ಎರಡುಂಟು. ನನ್ನ ಮಾಡಿನ ನೀರು ಎಲ್ಲಿಗೆ ಹೋಗುತ್ತದೆ? ಇದು ಮೊದಲನೆಯದು. ನೂರು ಚದರ ಮೀಟರಿನ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರು ಮಳೆ ಬಿದ್ದರೆ 10,000 ಲೀಟರು ನೀರಾಗುತ್ತದೆ. ಕರಾವಳಿಯಲ್ಲಿ ಅಂತಹ ದಿನಗಳು ಅಪರೂಪವಲ್ಲ. ತನ್ನ ಅಂಗಳ ಒಣಗಿರಲೆಂದು ಗಡಿಯ ಬದುವಿನಲ್ಲಿ ಒಂದು ಕಂಡಿ ಕೊರೆದು, ಅಷ್ಟು ನೀರನ್ನು ತಗ್ಗಿನ ಮನೆಯವರ ಅಡಿಗೆಮನೆಯ ಕಡೆಗೆ ತಿರುಗಿಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅಂಥವರ ಮನೆ ಎಷ್ಟೇ ಅಚ್ಚುಕಟ್ಟಾಗಿರಲಿ, ಅದನ್ನು ಕಾಯಕವೆನ್ನಲಾಗದು. ಪಂಚಾಚಾರಗಳಲ್ಲಿ ಸದಾಚಾರವೆಂಬುದು ಪೂಜಾಗೃಹದಲ್ಲಿ ಮಾತ್ರವಲ್ಲ, ಚರಂಡಿಯ ಬಾಯಿಯಲ್ಲಿಯೂ ಪರೀಕ್ಷಿತವಾಗತಕ್ಕುದು. ನೀರನ್ನು ಇಂಗುಗುಂಡಿಗೋ ಬಾವಿಗೋ ಊರಿನ ತೋಡಿಗೋ ಹರಿಸಿ, ಆ ತೋಡನ್ನು ನೆರೆಹೊರೆಯವರೊಡನೆ ಕೂಡಿ ಬಿಡಿಸುವುದೇ ಶಿವಭಕ್ತನಿಗೆ ಒಪ್ಪುವ ದಾರಿ.

ನನ್ನ ಮಾಡನ್ನು ಹತ್ತಿದವನ ಮಾಡು ಹೇಗಿದೆ? ಎರಡನೆಯ ಪ್ರಶ್ನೆ ಇದು, ಮೊದಲನೆಯದಕ್ಕಿಂತ ಕಠಿನವಾದುದು. ನಮ್ಮಲ್ಲಿ ಅನೇಕರು ಹಂಚನ್ನೂ ಹೂಳನ್ನೂ ಸ್ವತಃ ಮುಟ್ಟುವುದಿಲ್ಲ, ಕೂಲಿಗೆ ಕರೆಸುತ್ತೇವೆ. ಊರವರೆಲ್ಲರಿಗೂ ಒಂದೇ ತಿಂಗಳಲ್ಲಿ ಕೆಲಸವಾಗಬೇಕು. ಆ ತಿಂಗಳೆಲ್ಲ ಪರರ ಮಾಡಿನ ಮೇಲೆ ಬಿಸಿಲು ಕಾಯುವ ಕೆಲಸಗಾರನಿಗೆ ತನ್ನ ಮನೆಯ ಹಂಚು ಸರಿಪಡಿಸಲು ಬಿಡುವಿಲ್ಲ; ಮೊದಲ ಮಳೆಗೆ ಸೋರುವುದು ಅವನ ಮನೆಯೇ. ಬಾವಿಗಿಳಿಯುವವನ ಗತಿ ಇದಕ್ಕಿಂತ ಘೋರ. ಹಳೆಯ ಬಾವಿಯ ತಳದಲ್ಲಿ ಪ್ರಾಣವಾಯು ಕಡಿಮೆಯಾಗಿರುವುದುಂಟು. ಉರಿಯುವ ದೀಪವನ್ನು ಮೊದಲು ಇಳಿಸಿ ನೋಡಬೇಕು. ಅದು ಆರಿದರೆ ಯಾರೂ ಇಳಿಯಕೂಡದು. ದೀಪವು ಆರದಿದ್ದರೂ ವಿಷಾನಿಲವಿರುವ ಸಂಭವವುಂಟಾದುದರಿಂದ, ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು, ಕಟ್ಟೆಯ ಮೇಲೆ ಇಬ್ಬರು ಕಣ್ಣಿಟ್ಟು ನಿಲ್ಲಬೇಕು. ಆ ಇಬ್ಬರಲ್ಲಿ ಯಜಮಾನನು ಒಬ್ಬನಾಗಿರಲಿ. ಚಾವಡಿಯ ನೆರಳಿನಲ್ಲಿ ಕುಳಿತು ಅಪ್ಪಣೆ ಕೊಡುವವನಿಗೂ ಹಗ್ಗ ಹಿಡಿದು ನಿಂತವನಿಗೂ ಇರುವ ಅಂತರವೇ ಭೃತ್ಯಾಚಾರವು ನಮ್ಮಲ್ಲಿ ಎಷ್ಟಿದೆಯೆಂಬುದಕ್ಕೆ ಸಾಕ್ಷಿ. ಕೂಲಿಯನ್ನು ಅಂದಂದೇ ಸಲ್ಲಿಸುವುದು ನ್ಯಾಯ ಮಾತ್ರ. ಅದನ್ನು ದಾನವೆಂದು ಬಗೆಯಬಾರದು. ಅದಕ್ಕೂ ಮುಂದೆ ಹೋಗಿ, ನಮ್ಮ ಕೆಲಸ ಎರಡು ದಿನ ತಡವಾದರೂ ಆಗಲಿ ಎಂದು ಅವನನ್ನು ಅವನ ಮನೆಗೆ ಕಳುಹಿಸಿ, ಉಳಿದ ಹಂಚುಗಳನ್ನು ಅವನ ಮಾಡಿಗೆ ಕೊಟ್ಟರೆ, ಅದು ದಾಸೋಹವೆನಿಸುವುದು.

ಆದುದರಿಂದ ಮನೆಯ ಆರೈಕೆಯು ಮೋಹವೋ ಧರ್ಮವೋ ಎಂಬುದನ್ನು ಹಂಚಿನ ಲೆಕ್ಕದಿಂದ ನಿರ್ಣಯಿಸಲಾಗದು. ಅದು ನನ್ನ ಗಡಿಯಲ್ಲಿಯೇ ನಿಂತುಹೋದರೆ ಮೋಹ. ಗಡಿಯನ್ನು ದಾಟಿ ನೆರೆಯವನ ಅಂಗಳವನ್ನೂ ದುಡಿದವನ ಸೂರನ್ನೂ ನೆನೆದರೆ ಕಾಯಕ. ಮನೆಯು ಸ್ಥಾವರವೇ ಹೌದು, ಒಂದು ದಿನ ಬೀಳುವುದೂ ನಿಜ. ಅದರೊಳಗಿನ ಬಾಳು ಜಂಗಮವಾಗಿ ಉಳಿಯುವುದು ಇಂತಹ ಕಾಳಜಿಯಿಂದಲೇ. ಈ ಬೇಸಗೆಯಲ್ಲಿ ಏಣಿಯನ್ನು ಗೋಡೆಗೆ ಒರಗಿಸುವ ಪ್ರತಿಯೊಬ್ಬ ಸದ್ಭಕ್ತನೂ ಮೊದಲು ಆ ಏಣಿಯ ಬುಡವನ್ನು ತಾನೇ ಹಿಡಿದು ನಿಲ್ಲಲಿ. ಶಿವನು ಮೆಚ್ಚುವ ಗೃಹಕೃತ್ಯವು ಅಲ್ಲಿಂದ ಆರಂಭವಾಗುವುದು.