ಉತ್ತಮ ಕ್ಷಮಾ

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಪ್ರಥಮವಾದುದು ಉತ್ತಮ ಕ್ಷಮಾ. ಭಾದ್ರಪದ ಶುಕ್ಲ ಪಂಚಮಿಯಂದು ಇದರಿಂದಲೇ ಆರಂಭವಾಗುವ ಪರ್ವವು ಕ್ಷಮಾವಣಿಯಲ್ಲಿಯೇ ಸಂಪನ್ನವಾಗುತ್ತದೆ. ‘ಕ್ಷಮ್’ ಧಾತುವಿಗೆ ಸಹಿಸುವುದೆಂದು ಅರ್ಥ. ಭೂಮಿಗೂ ‘ಕ್ಷಮಾ’ ಎಂಬ ಹೆಸರುಂಟು. ಅಗೆದವನಿಗೂ ಅದು ಅನ್ನವನ್ನೇ ಕೊಡುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಶ್ರಾವಕರ ಮನೆಮಾತು ಕನ್ನಡ, ಮರಾಠಿ, ಗುಜರಾತಿ, ಹಿಂದಿ ಎಂದು ಬೇರೆ ಬೇರೆ. ಆದರೂ ಈ ಶಬ್ದಕ್ಕೆ ಯಾರಿಗೂ ಭಾಷಾಂತರ ಬೇಕಿಲ್ಲ. ಶ್ವೇತಾಂಬರ ಬಂಧುಗಳು ಸಂವತ್ಸರಿಯಂದು ಹೇಳುವ ‘ಮಿಚ್ಛಾಮಿ ದುಕ್ಕಡಂ’ ಎಂಬ ಪ್ರಾಕೃತ ವಚನಕ್ಕೆ ‘ನನ್ನ ದುಷ್ಕೃತ್ಯವು ಮಿಥ್ಯೆಯಾಗಲಿ’ ಎಂದು ಭಾವ. ಅಲ್ಲಿ ‘ನನ್ನ’ ಎಂದಿದೆ, ‘ನಿನ್ನ’ ಎಂದಿಲ್ಲ.

ವ್ಯಾಪಾರಿಯು ದೀಪಾವಳಿಗೆ ಹಳೆಯ ಲೆಕ್ಕ ಮುಗಿಸಿ ಹೊಸ ವಹಿಗೆ ಪೂಜೆ ಮಾಡುತ್ತಾನೆ. ವೈರದ ಬಾಕಿಯನ್ನು ಮಾತ್ರ ವರ್ಷವರ್ಷವೂ ಮುಂದಕ್ಕೆ ಒಯ್ಯುತ್ತಾನೆ. ನೇಮಿಚಂದ್ರಾಚಾರ್ಯರ ಗೊಮ್ಮಟಸಾರದಂತೆ 6 ತಿಂಗಳು ಮೀರಿ ಉಳಿದ ಕ್ರೋಧದ ವಾಸನೆಯು ಅನಂತಾನುಬಂಧಿ. ಅದು ಭವಭವಾಂತರಕ್ಕೂ ಬೆನ್ನು ಬಿಡದು.

ಪರ್ವದ ದಿನ ಮಿತ್ರರಿಗೆ ಕೈ ಜೋಡಿಸುವುದು ಸುಲಭ. ಹೊಲದ ಬದುವಿಗಾಗಿ, ಅಂಗಡಿಯ ಪಾಲಿಗಾಗಿ ಮಾತು ಬಿಟ್ಟ ಅಣ್ಣನ ಬಾಗಿಲಿಗೆ ತಮ್ಮನು ತಾನೇ ಹೋಗಿ, ‘ಅಣ್ಣಾ, ತಪ್ಪಾಯಿತು’ ಎಂದಾಗಲೇ ಕ್ಷಮೆಯು ಉತ್ತಮ ಕ್ಷಮೆಯಾಗುತ್ತದೆ. ಅಣ್ಣನೇ ಮೊದಲು ಹೊರಟರೆ ಇನ್ನೂ ಉತ್ತಮ.

ಜೈ ಜಿನೇಂದ್ರ.