ಬೆಕ್ಕು, ನಾಯಿ, ಮಿಕ್ಕಿ ಮೌಸ್

ಡಿಸ್ನಿಲ್ಯಾಂಡಿನಲ್ಲಿ ಇಬ್ಬರು ಮಿಕ್ಕಿ ಮೌಸ್ ಎದುರುಬದುರಾಗುವಂತಿಲ್ಲ. ಒಂದೇ ಹೊತ್ತಿನಲ್ಲಿ ಒಂದೇ ಮಗುವಿನ ಕಣ್ಣಿಗೆ ಎರಡು ಮಿಕ್ಕಿ ಬೀಳದ ಹಾಗೆ ನೋಡಿಕೊಳ್ಳುವುದು ಅಲ್ಲಿನ ಕಟ್ಟುನಿಟ್ಟು. ಮಿಕ್ಕಿ ಜನರೆದುರು ತಲೆ ತೆಗೆಯುವುದಿಲ್ಲ, ಬಾಯಿ ಬಿಡುವುದಿಲ್ಲ. ಮಗು ಆಟೋಗ್ರಾಫ್ ಪುಸ್ತಕ ಚಾಚಿದರೆ ನಾಲ್ಕು ಬೆರಳಿನ ದಪ್ಪ ಬಿಳಿ ಕೈಗವಸಿನಲ್ಲೇ ಹೇಗೋ ಪೆನ್ನು ಹಿಡಿದು ಸಹಿ ಹಾಕುತ್ತಾನೆ. ಒಳಗೆ ಇವತ್ತು ಯಾರೋ, ನಾಳೆ ಇನ್ಯಾರೋ; ಸಹಿ ಮಾತ್ರ ಬದಲಾಗುವಂತಿಲ್ಲ. ಆ ವೇಷ ತೊಡುವವರು ಮನೆಗೆ ಹೋದ ಮೇಲೂ ‘ನಾನೇ ಮಿಕ್ಕಿ’ ಎಂದು ಹೇಳಿಕೊಳ್ಳುವ ಪದ್ಧತಿಯಿಲ್ಲ. ‘ನಾನು ಮಿಕ್ಕಿಯ ಗೆಳತಿ’ ಎನ್ನುತ್ತಾರೆ. ಗೆಳತಿಯೇ ಯಾಕೆಂದರೆ, ಇಲಿಯ ವೇಷಕ್ಕೆ ಗಿಡ್ಡ ಆಳು ಬೇಕು, ಒಳಗಿರುವವರು ಎಷ್ಟೋ ಸಲ ಹೆಂಗಸರು.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ಬಾಗಿಲು ತೆರೆದಾಗ ಇಷ್ಟೆಲ್ಲ ಮಡಿ ಇರಲಿಲ್ಲ. ಅವತ್ತಿನ ವೇಷಗಳೇ ಎರವಲು. ಮಂಜುಗಡ್ಡೆಯ ಮೇಲೆ ಜಾರುತ್ತ ಆಟ ತೋರಿಸುತ್ತಿದ್ದ ಐಸ್ ಕೆಪೇಡ್ಸ್ ತಂಡದಿಂದ ತಂದದ್ದು. ಆ ಕಾಲದ ಫೋಟೋಗಳಲ್ಲಿರುವ ಮಿಕ್ಕಿಯನ್ನು ಈಗಿನ ಮಕ್ಕಳಿಗೆ ತೋರಿಸಿದರೆ ಹೆದರಿಯಾರು. ಮಡಿ ಬಂದದ್ದು ಆಮೇಲೆ. ಕೌಬಾಯ್ ವೇಷದವನೊಬ್ಬ ರಾಕೆಟ್ಟುಗಳ ಟುಮಾರೋಲ್ಯಾಂಡನ್ನು ಹಾದುಹೋಗುವುದನ್ನು ಕಂಡು ವಾಲ್ಟ್ ಡಿಸ್ನಿಗೆ ಕಸಿವಿಸಿಯಾಯಿತಂತೆ. 1971ರಲ್ಲಿ ಫ್ಲಾರಿಡಾದಲ್ಲಿ ಮ್ಯಾಜಿಕ್ ಕಿಂಗ್‌ಡಮ್ ತೆರೆಯುವ ಹೊತ್ತಿಗೆ ಡಿಸ್ನಿ ಬದುಕಿರಲಿಲ್ಲ, ಆದರೆ ಉದ್ಯಾನದ ಅಡಿಯಲ್ಲಿ ಓಡಾಡಲು ಸುರಂಗಗಳು ಸಿದ್ಧವಾಗಿದ್ದವು. ವೇಷ ಕಟ್ಟುವುದು, ಕಳಚುವುದು, ಊಟ, ಕಸ ಸಾಗಿಸುವುದು ಎಲ್ಲವೂ ಮಕ್ಕಳ ಕಣ್ಣಿಗೆ ಬೀಳದ ಹಾಗೆ ನಡೆಯುತ್ತವೆ.

ಕ್ಯಾಲಿಫೋರ್ನಿಯಾದ್ದೇ ಆದ ಬೇ ಏರಿಯಾದ ಕನ್ನಡದ ಮನೆಗಳಿಗೆ ಊರಿನಿಂದ ಅಜ್ಜ-ಅಜ್ಜಿ ಬಂದರೆ ಅನಹೈಮಿಗೊಂದು ಸುತ್ತು ಹೆಚ್ಚುಕಡಿಮೆ ಖಾಯಂ. ಬಿಸಿಲಲ್ಲಿ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿರುತ್ತದೆ. ಸರದಿ ಬಂದಾಗ ಮೂರು ವರ್ಷದ ಮೊಮ್ಮಗ ಅಪ್ಪನ ಕಾಲು ತಬ್ಬಿಕೊಂಡು ಅಳು ತೆಗೆಯುತ್ತಾನೆ. ‘ಹೋಗು ಪುಟ್ಟಾ, ಮಾಮಂಗೆ ಶೇಕ್‌ಹ್ಯಾಂಡ್ ಕೊಡು’ ಎಂದು ಅಜ್ಜಿ ಮುಂದೆ ದೂಡುತ್ತಾಳೆ. ಆರು ವರ್ಷದ ಅಕ್ಕ ಮಾತ್ರ ಮಿಕ್ಕಿಯ ಮುಖ ಬಿಟ್ಟು, ತಲೆ ಮೈಗೆ ಸೇರುವ ಕುತ್ತಿಗೆಯ ಜಾಗವನ್ನೇ ದಿಟ್ಟಿಸುತ್ತಿರುತ್ತಾಳೆ.

‘ಇವನೇ ಮಿಕ್ಕಿ’ ಎಂದು ಮಗುವಿಗೆ ಹೇಳುವುದು ಸುಳ್ಳೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಹುದು. ಆದರೆ ಸುಳ್ಳಿನ ವಿಷಯದಲ್ಲಿ ಬಿಗಿಯಾಗಿದ್ದವರು ಇಂಥದ್ದನ್ನು ಹಾಗೆ ತಳ್ಳಿಹಾಕಿಲ್ಲ. ಸುಮಾರು ಕ್ರಿ.ಶ. 395ರಲ್ಲಿ ಸಂತ ಅಗಸ್ಟೀನ ಸುಳ್ಳಿನ ಬಗ್ಗೆಯೇ ಒಂದು ಪ್ರಬಂಧ ಬರೆದ. ಒಂದು ಜೀವ ಉಳಿಯುತ್ತದೆಂದರೂ ಸುಳ್ಳಾಡಬಾರದು ಎನ್ನುವ ಕಡು ನಿಲುವು ಅವನದು. ಆದರೆ ಆರಂಭದಲ್ಲೇ ತಮಾಷೆಯ ಮಾತನ್ನು ಲೆಕ್ಕದಿಂದ ಹೊರಗಿಡುತ್ತಾನೆ. ಹೇಳುವವನ ದನಿಯಲ್ಲೇ ಅದು ತಮಾಷೆಯೆಂದು ಗೊತ್ತಾಗುವಾಗ ಮೋಸವೆಲ್ಲಿ ಬಂತು? ಮಹಾಭಾರತದ ಆದಿಪರ್ವದಲ್ಲಿ ಶರ್ಮಿಷ್ಠೆ ಯಯಾತಿಗೆ ಪಾಪ ತಟ್ಟದ ಐದು ಸುಳ್ಳುಗಳನ್ನು ಎಣಿಸಿ ಹೇಳುತ್ತಾಳೆ. ಅದರಲ್ಲೂ ಸರಸದ ಮಾತಿಗೆ ರಿಯಾಯಿತಿಯಿದೆ. (ಅರಸನನ್ನು ಒಲಿಸಿಕೊಳ್ಳುವ ತುರ್ತು ಅವಳಿಗಿತ್ತು, ಆದ್ದರಿಂದ ಅವಳ ಧರ್ಮಶಾಸ್ತ್ರವನ್ನು ಸ್ವಲ್ಪ ಸೋಸಿಕೊಂಡೇ ತೆಗೆದುಕೊಳ್ಳಬೇಕು.) ಎರಡೂ ಕಡೆ ರಿಯಾಯಿತಿಗೆ ಒಂದು ಷರತ್ತು ಅಡಗಿದೆ: ಕೇಳುವವರಿಗೆ ಇದು ಆಟವೆಂದು ಗೊತ್ತಿರಬೇಕು. ಮೂರು ವರ್ಷದ ಮಗುವಿಗೆ ಗೊತ್ತಿರುತ್ತದೆಯೇ?

ಅದಕ್ಕೆ ಉತ್ತರ ಕೊಟ್ಟದ್ದು ಒಂದು ಬೆಕ್ಕು. ಹೆಸರು ಮೇನಾರ್ಡ್, ಸಾಧು ಪ್ರಾಣಿ. ಮನೋವಿಜ್ಞಾನಿ ರೀಟಾ ಡೆವ್ರೀಸ್ ಮೂರರಿಂದ ಆರು ವರ್ಷದ ಮಕ್ಕಳಿಗೆ ಅದನ್ನು ತೋರಿಸಿದರು. ಮಕ್ಕಳು ಮೈದಡವಿದರು. ಆಮೇಲೆ ಬೆಕ್ಕಿನ ಮುಂದಿನ ಅರ್ಧ ತೆರೆಯೊಂದರ ಹಿಂದೆ ಹೋಯಿತು. ಹಿಂಭಾಗ ಮತ್ತು ಬಾಲ ಮಕ್ಕಳ ಕಣ್ಣೆದುರೇ ಇದ್ದವು. ತೆರೆ ಸರಿಸಿದಾಗ ಮೇನಾರ್ಡ್‌ಗೆ ಉಗ್ರವಾದ ನಾಯಿಯ ಮುಖವಾಡ ಬಂದಿತ್ತು. ಈಗ ಇದು ಏನು? ಬೊಗಳುತ್ತದೆಯೇ? ಬೆಕ್ಕಿನ ಊಟ ತಿನ್ನುತ್ತದೋ ನಾಯಿಯ ಊಟವೋ? ಒಳಗಿನ ಎಲುಬು ಯಾರದು? ಮೂರು ವರ್ಷದವರಲ್ಲಿ ಬಹುಮಂದಿಗೆ ಅದು ನಾಯಿಯೇ ಆಗಿಬಿಟ್ಟಿತ್ತು, ಬಾಲ ಕದಲದೆ ಅಲ್ಲೇ ಇದ್ದರೂ. ಆರು ವರ್ಷದವರು ಮೋಸಹೋಗಲಿಲ್ಲ. ಬೆಕ್ಕು ಬೆಕ್ಕೇ, ಮುಖವಾಡ ಹಾಕಿದೆ ಅಷ್ಟೆ. 1969ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮುಂದಿಟ್ಟುಕೊಂಡರೆ ಅಗಸ್ಟೀನನ ರಿಯಾಯಿತಿ ಅಕ್ಕನಿಗೆ ಸಲ್ಲುತ್ತದೆ, ತಮ್ಮನಿಗೆ ಸಲ್ಲುವುದಿಲ್ಲ. ಆ ಮಗು ಅಳುವುದರಲ್ಲಿ ನ್ಯಾಯವಿದೆ. ಆಳೆತ್ತರದ ಇಲಿಯೊಂದು ಎದುರು ಬಂದು ನಿಂತರೆ ಯಾರಿಗೆ ತಾನೆ ಅಳು ಬರುವುದಿಲ್ಲ?

ವಿಷಯ ಇಲ್ಲಿಗೇ ಮುಗಿದಿದ್ದರೆ ಸಲೀಸಾಗಿತ್ತು: ಆರು ತುಂಬುವವರೆಗೆ ನಂಬಿಕೆ, ತುಂಬಿದ ಮೇಲೆ ತಿಳಿವಳಿಕೆ. ಆದರೆ 1991ರಲ್ಲಿ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ ಮಕ್ಕಳ ಮುಂದೆ ಡಬ್ಬಿಗಳನ್ನಿಟ್ಟರು. ತೆರೆದು ತೋರಿಸಿದರು, ಒಳಗೆ ಏನೂ ಇಲ್ಲ. ಕೆಲವರಿಗೆ ‘ಇದರೊಳಗೆ ಮೊಲ ಇದೆ ಅಂತ ಅಂದುಕೊಳ್ಳಿ’ ಎಂದರು, ಕೆಲವರಿಗೆ ‘ರಾಕ್ಷಸ ಇದೆ ಅಂದುಕೊಳ್ಳಿ’ ಎಂದರು. ಇದು ಬರೀ ಅಂದುಕೊಳ್ಳುವ ಆಟವೆಂದು ಮಕ್ಕಳು ಒಪ್ಪಿದ್ದರು. ಏನೋ ನೆಪ ಹೇಳಿ ದೊಡ್ಡವರು ಕೋಣೆಯಿಂದ ಹೊರಡಲು ಎದ್ದಾಗ ರಾಕ್ಷಸನ ಗುಂಪಿನ ಕೆಲವು ಮಕ್ಕಳು ಹೋಗಲು ಬಿಡಲೇ ಇಲ್ಲ. ಒಂಟಿಯಾಗಿ ಉಳಿದವರಲ್ಲಿ ಹಲವರು ಮೆಲ್ಲಗೆ ಡಬ್ಬಿಯತ್ತ ಹೋಗಿ ಇಣುಕಿದರು. ಖಾಲಿಯೆಂದು ಗೊತ್ತು, ಆದರೂ ಒಂದು ವೇಳೆ? ಸ್ಮಶಾನದ ಪಕ್ಕದ ರಸ್ತೆಯಲ್ಲಿ ರಾತ್ರಿ ನಡೆಯುವಾಗ ಹಾಡು ಗುನುಗುವ ಎಂಜಿನಿಯರುಗಳಿಗೆ ಈ ಮಕ್ಕಳ ಪಾಡು ಅರ್ಥವಾಗುತ್ತದೆ.

ಗೊತ್ತಿರುವುದು, ನಂಬುವುದು ಎರಡೇ ಮನೆ ಇಟ್ಟುಕೊಂಡು ಈ ವಿಷಯದ ಚೌಕಾಬಾರ ಆಡಲಾಗುವುದಿಲ್ಲ. ಇದನ್ನು ಸಾವಿರ ವರ್ಷಕ್ಕೂ ಹಿಂದೆ ಗುರುತಿಸಿದವನು ಕಾಶ್ಮೀರದ ಶ್ರೀಶಂಕುಕ. ಅವನ ಗ್ರಂಥ ಉಳಿದಿಲ್ಲ. ಅಭಿನವಗುಪ್ತ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನ ವಾದ ಸಿಗುತ್ತದೆ. ರಾಮನ ಪಾತ್ರದ ನಟನನ್ನು ಕಂಡಾಗ ಪ್ರೇಕ್ಷಕನಿಗೆ ಆಗುವುದು ಎಂಥ ಜ್ಞಾನ? ‘ಇವನು ರಾಮನೇ’ ಎಂಬ ನಿಶ್ಚಯವಲ್ಲ. ರಾಮನೆಂದುಕೊಂಡು ಆಮೇಲೆ ‘ಅಲ್ಲ’ ಎಂದು ಕಳಚಿಬೀಳುವ ಭ್ರಮೆಯಲ್ಲ. ಹೌದೋ ಅಲ್ಲವೋ ಎಂಬ ಸಂಶಯವಲ್ಲ. ‘ರಾಮನ ಹಾಗಿದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಚಿತ್ರದಲ್ಲಿರುವ ಕುದುರೆಯನ್ನು ನೋಡಿ ‘ಕುದುರೆ’ ಎನ್ನುತ್ತೇವಲ್ಲ, ಅಂಥದ್ದು. ಚಿತ್ರತುರಗವೆಂದೇ ಆ ವಾದಕ್ಕೆ ಹೆಸರಾಯಿತು. ನಟ ರಾಮನನ್ನು ಅನುಕರಿಸುತ್ತಾನೆ ಎಂಬ ಅವನ ಇನ್ನೊಂದು ಮಾತನ್ನು ಅಭಿನವಗುಪ್ತನೂ ಅವನ ಗುರು ಭಟ್ಟತೌತನೂ ಒಪ್ಪಲಿಲ್ಲ. ಮೂಲ ರಾಮನನ್ನು ಕಂಡವರು ಯಾರು, ಇದು ಅವನ ಅನುಕರಣೆ ಎಂದು ಹೇಳಲು? ಮಿಕ್ಕಿಯ ವಿಷಯದಲ್ಲಿ ಈ ಆಕ್ಷೇಪಕ್ಕೆ ಇನ್ನೂ ಮೊನಚು. 1928ರ ನವೆಂಬರಿನಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ಚಿತ್ರದ ಮೂಲಕ ಜನರೆದುರು ಬಂದ ಆ ಇಲಿ ಹುಟ್ಟಿದ್ದೇ ಗೆರೆಗಳಲ್ಲಿ. ಅನಹೈಮಿನ ವೇಷ ನಕಲಿ ಎನ್ನಬೇಕಾದರೆ ಅಸಲಿ ಎಲ್ಲೋ ಇರಬೇಕಲ್ಲ.

ವೇಷದ ಒಳಗುಟ್ಟು ಮುಚ್ಚಿಟ್ಟರೇ ಮಾಯೆ ಉಳಿಯುವುದು ಎಂಬುದು ಡಿಸ್ನಿಯವರ ಸಿದ್ಧಾಂತ. ಕರಾವಳಿಯ ಮಕ್ಕಳನ್ನು ಕೇಳಿದರೆ ಇದು ಸುಳ್ಳೆಂದು ಹೇಳುತ್ತಾರೆ. ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಸುರಂಗವಿಲ್ಲ. ಆಟ ಶುರುವಾಗುವ ಮೊದಲೇ ಮಕ್ಕಳು ಅಲ್ಲಿ ಇಣುಕುತ್ತ ನಿಂತಿರುತ್ತಾರೆ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಕಾಲು ಮಡಚಿ ಕೂತು, ಕನ್ನಡಿ ಹಿಡಿದು, ಅಕ್ಕಿಹಿಟ್ಟಿನ ಚಿಟ್ಟಿಯನ್ನು ಕಡ್ಡಿಯಲ್ಲಿ ಒಂದೊಂದೇ ಮುಳ್ಳಾಗಿ ಮುಖದ ಮೇಲೆ ಎಬ್ಬಿಸುತ್ತಾನೆ. ಗಂಟೆಗಟ್ಟಲೆಯ ಕೆಲಸ. ನಡುವೆ ಚಾ ಬರುತ್ತದೆ, ಊರಿನ ಸುದ್ದಿ ಬರುತ್ತದೆ. ಇಷ್ಟೆಲ್ಲ ಕಂಡ ಮಗುವೇ ನಡುರಾತ್ರಿ ದೊಂದಿಯ ಬೆಳಕಿನಲ್ಲಿ ರಾಳದ ಪುಡಿ ಭಗ್ಗನೆ ಹೊತ್ತಿ, ಸಭೆಯ ಹಿಂದಿನಿಂದ ಅದೇ ವೇಷ ಅಬ್ಬರಿಸುತ್ತ ಬಂದಾಗ ಅಜ್ಜನ ಶಾಲಿನೊಳಗೆ ಹುದುಗುತ್ತದೆ. ಮಾಡಿದ್ದನ್ನು ನೋಡಿಯೂ ಹೆದರಬಹುದು. ಇನ್ನೂ ಚೆನ್ನಾಗಿ ಹೆದರಬಹುದು ಎಂದರೂ ಸರಿಯೆ.

ಕಾಶಿಯ ಆಚೆ ದಡದ ರಾಮನಗರದಲ್ಲಂತೂ ವ್ಯವಹಾರವೇ ತಿರುಗುಮುರುಗು. ಸುಮಾರು ಒಂದು ತಿಂಗಳು ನಡೆಯುವ ಅಲ್ಲಿನ ರಾಮಲೀಲೆಯಲ್ಲಿ ರಾಮ, ಸೀತೆ, ಲಕ್ಷ್ಮಣರಾಗುವವರು ಇನ್ನೂ ಮೀಸೆ ಮೂಡದ ಹುಡುಗರು. ಅವರನ್ನು ‘ಸ್ವರೂಪ’ ಎಂದು ಕರೆಯುತ್ತಾರೆ. ನೆಲ ಸೋಕದಂತೆ ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ಹಣ್ಣುಹಣ್ಣು ಮುದುಕರು ಕಾಲಿಗೆ ಬೀಳುತ್ತಾರೆ. ಹುಡುಗ ಯಾರ ಮನೆಯವನೆಂದು ಬಿದ್ದವರಲ್ಲಿ ಎಷ್ಟೋ ಜನಕ್ಕೆ ಗೊತ್ತು. ಯಾರೂ ಅವರನ್ನು ಮೋಸಹೋದವರೆಂದು ಭಾವಿಸುವುದಿಲ್ಲ.

ಹಾಗಾದರೆ ಅನಹೈಮಿನಲ್ಲಿ ಏನು ಕಡಿಮೆಬಿತ್ತು? ಅದನ್ನು ತೋರಿಸಿಕೊಡುವವರು ಕ್ಯಾಲಿಫೋರ್ನಿಯಾದ ನೆರೆರಾಜ್ಯ ಅರಿಜೋನಾದ ಹೋಪಿ ಜನ. ವರ್ಷದ ಸುಮಾರು ಅರ್ಧಭಾಗ ಅವರ ಹಳ್ಳಿಗಳಿಗೆ ಕಾಚಿನಾಗಳೆಂಬ ದೈವಗಳು ಬಂದು ಕುಣಿಯುತ್ತವೆ, ಮಕ್ಕಳಿಗೆ ಉಡುಗೊರೆ ಕೊಡುತ್ತವೆ, ತುಂಟರನ್ನು ಗದರಿಸುವ ಭಯಂಕರ ರೂಪಗಳೂ ಅವುಗಳಲ್ಲಿವೆ. ಚಿಕ್ಕ ಮಕ್ಕಳಿಗೆ ಅವು ಸಾಕ್ಷಾತ್ ದೈವಗಳು. ಸ್ವಲ್ಪ ದೊಡ್ಡವರಾದಾಗ ಫೆಬ್ರುವರಿಯ ಹೊತ್ತಿಗೆ ದೀಕ್ಷೆ ನಡೆಯುತ್ತದೆ. ಕಾಚಿನಾಗಳು ಮುಖವಾಡವಿಲ್ಲದೆ ಬರುತ್ತವೆ. ನೋಡಿದರೆ ಅಪ್ಪ, ಸೋದರಮಾವ, ಪಕ್ಕದ ಮನೆಯವ! ಓರೈಬಿ ಹಳ್ಳಿಯ ಡಾನ್ ತಲಾಯೆಸ್ವ 1942ರಲ್ಲಿ ಹೊರಬಂದ ತನ್ನ ಆತ್ಮಕಥೆ ‘ಸನ್ ಚೀಫ್’ನಲ್ಲಿ ಆಗ ತನಗಾದ ಆಘಾತವನ್ನೂ ಸಿಟ್ಟನ್ನೂ ಬಚ್ಚಿಟ್ಟಿಲ್ಲ. ಆದರೆ ಹಿರಿಯರು ಅಲ್ಲಿಗೇ ಬಿಡುವುದಿಲ್ಲ. ಹಿಂದೆ ದೈವಗಳೇ ಬರುತ್ತಿದ್ದವು, ಈಗ ಕಣ್ಣಿಗೆ ಕಾಣದೆ ಕುಣಿಯುವವರ ಮೂಲಕ ಬರುತ್ತವೆ ಎಂದು ತಿಳಿಸಿಹೇಳುತ್ತಾರೆ. ಚಿಕ್ಕವರಿಗೆ ಬಾಯಿಬಿಡಬೇಡಿ ಎಂದು ತಾಕೀತು ಮಾಡುತ್ತಾರೆ. ನಿನ್ನೆಯವರೆಗೆ ನೋಡುತ್ತಿದ್ದ ಹುಡುಗ ನಾಳೆಯಿಂದ ಕುಣಿಯುವವರ ಕಡೆಯವನು. ಫ್ರಾನ್ಸಿನ ಮನೋವಿಶ್ಲೇಷಕ ಒಕ್ಟಾವ್ ಮನ್ನೋನಿ 1960ರ ದಶಕದಲ್ಲಿ ಈ ಆತ್ಮಕಥೆಯನ್ನೇ ಹಿಡಿದು ಒಂದು ಹೆಸರಾಂತ ಪ್ರಬಂಧ ಬರೆದ. ಗೊತ್ತಿದ್ದೂ ನಂಬುವುದು ಹೇಗೆ ಸಾಧ್ಯವೆಂಬುದೇ ಅದರ ವಸ್ತು.

ಮಿಕ್ಕಿಯನ್ನು ದೈವಗಳ ಪಂಕ್ತಿಯಲ್ಲಿ ಕೂರಿಸಿದರೆ ಹೋಪಿಗಳಿಗೆ ಸಿಟ್ಟು ಬಂದೀತು, ಬರಬೇಕಾದದ್ದೇ. ಟಿಕೆಟ್ಟಿನ ಮೇಲೆ ನಿಂತ ವೇಷಕ್ಕೂ ಮಳೆ-ಬೆಳೆಗಾಗಿ ಕುಣಿಯುವ ವೇಷಕ್ಕೂ ಅಜಗಜಾಂತರ. ಹೇಳಬೇಕಾದದ್ದು ಇಷ್ಟು: ಹೋಪಿಗಳಲ್ಲಿ ಮುಖವಾಡ ಕಳಚಿ ತೋರಿಸುವ ಹೊಣೆ ಹೊತ್ತವರಿದ್ದಾರೆ, ಅದಕ್ಕೊಂದು ದಿನವಿದೆ. ಡಿಸ್ನಿಯಲ್ಲಿ ಮುಚ್ಚುವುದಕ್ಕೆ ನೂರು ನಿಯಮ, ಬಿಚ್ಚುವುದಕ್ಕೆ ಒಂದೂ ಇಲ್ಲ. ಮಗು ಒಂದು ದಿನ ಬೆನ್ನಿನ ಜಿಪ್ಪು ಕಂಡು, ಇಲ್ಲವೇ ಶಾಲೆಯ ಬಸ್ಸಿನಲ್ಲಿ ದೊಡ್ಡ ಹುಡುಗರ ಗೇಲಿಗೆ ಸಿಕ್ಕಿ ತಾನೇ ತಿಳಿದುಕೊಳ್ಳಬೇಕು. ‘ಇವನೇ ಮಿಕ್ಕಿ’ ಎಂದದ್ದು ಸುಳ್ಳಾಗಿ ಹುಳಿಯುವುದು ಆ ಬಸ್ಸಿನಲ್ಲಿ. ಕಂಪನಿ ಮಾಡದ ದೀಕ್ಷೆಯನ್ನು ಮನೆಯವರೇ ಮಾಡಿಕೊಡಬೇಕಾಗುತ್ತದೆ.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಕುತ್ತಿಗೆ ದಿಟ್ಟಿಸುತ್ತಿದ್ದ ಅಕ್ಕ ‘ಅಮ್ಮಾ, ಒಳಗಡೆ ಯಾರೋ ಇದಾರೆ ಅಲ್ವಾ?’ ಎಂದಾಗ ಅಮ್ಮ ಮಾತು ಮರೆಸುವುದೂ ಬೇಡ, ಪಾಠ ಮಾಡುವುದೂ ಬೇಡ. ‘ಹೂಂ, ಇದಾರೆ. ತಮ್ಮಂಗೆ ಹೇಳ್ಬೇಡ, ಅವ್ನು ಇನ್ನೂ ಚಿಕ್ಕವ್ನು’ ಎಂದರೆ ಸಾಕು. ಆ ಕ್ಷಣದಿಂದ ಅವಳಿಗೆ ಒಂದು ಹುದ್ದೆ ಸಿಕ್ಕ ಹಾಗೆ. ತಮ್ಮನ ಕೈ ಹಿಡಿದು ಮಿಕ್ಕಿಯ ಹತ್ತಿರ ಕರೆದೊಯ್ಯುವವಳು ಅವಳೇ. ಗುಟ್ಟು ಗೊತ್ತಾದ ಮೇಲೆ ಆಟ ಕೆಡುತ್ತದೆ ಎಂದು ಹೆದರುವ ಅಪ್ಪ-ಅಮ್ಮಂದಿರು, ಆ ವಯಸ್ಸಿನ ಮಕ್ಕಳು ಗುಟ್ಟು ಕಾಯುವಾಗ ಪಡುವ ಹೆಮ್ಮೆಯನ್ನು ಒಮ್ಮೆ ನೋಡಬೇಕು.

ಮುಂದೆ ಬರುವ ಪ್ರಶ್ನೆಯೇ ಬೇರೆ. ‘ಒಳಗಿರೋರಿಗೆ ಸೆಕೆ ಆಗಲ್ವಾ?’ ಆಗುತ್ತದೆ. ಫ್ಲಾರಿಡಾದ ವೇಷಧಾರಿಗಳು ಕಂಪನಿ ಹಂಚಿಕೊಡುತ್ತಿದ್ದ ಒಳಉಡುಪಿನ ಸ್ವಚ್ಛತೆಗಾಗಿ ಕಾರ್ಮಿಕ ಸಂಘದ ಮೂಲಕ ಜಗಳಕ್ಕೆ ನಿಂತು, 2001ರಲ್ಲಿ ತಮ್ಮದೇ ಜೋಡಿಯನ್ನು ಮನೆಗೊಯ್ದು ಒಗೆದುಕೊಳ್ಳುವ ಹಕ್ಕು ಪಡೆದರು. ಅನಹೈಮಿನ ವೇಷಧಾರಿಗಳಿಗೆ ಸಂಘ ಸಿಗುವುದೇ ಇನ್ನೂ ತಡವಾಯಿತು. ಆ ಉದ್ಯಾನದ ಬಹುಪಾಲು ನೌಕರರಿಗೆ ಮೊದಲೇ ಸಂಘವಿತ್ತು. ಮಿಕ್ಕಿ, ಗೂಫಿ, ಸಿಂಡರೆಲ್ಲಾ ಆಗುವವರಿಗೆ ಮತ್ತು ಮೆರವಣಿಗೆಯಲ್ಲಿ ಕುಣಿಯುವವರಿಗೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಅವರು ಸಂಬಳ, ಸುರಕ್ಷತೆ, ಪಾಳಿಯ ವಿಷಯಗಳನ್ನು ಮುಂದಿಟ್ಟುಕೊಂಡು ರಂಗಕರ್ಮಿಗಳ ಸಂಘವಾದ ಆಕ್ಟರ್ಸ್ ಈಕ್ವಿಟಿ ಸೇರಬೇಕೇ ಎಂದು ಮತ ಹಾಕಿದರು. ಸೇರೋಣ ಎಂದವರು 953 ಮಂದಿ, ಬೇಡವೆಂದವರು 258.